ವಿಮಾನಕ್ಕ ಜ್ವರ ಬಂತು, ನನ್ನ ಲಗ್ನಕ್ಕ ನಡುಕ ಬಂತು

ವಿಮಾನದ ಕೆಲಸ ಅಂದ್ರ ಜನ ಏನೇನೋ ಅನ್ಕೋತಾರ್ರಿ. ನಾ ಹೇಳ್ತೀನಿ ಕೇಳ್ರಿ, ಅದು ಮ್ಯಾಲೆ ಹಾರುವಾಗ ಏನೂ ಆಗಂಗಿಲ್ಲ, ಕೆಳಗ ನಿಂತಾಗ ನಡಿಯೋ ತಮಾಷಿಗೆ ಲೆಕ್ಕ ಇಲ್ಲ. ನಾ ಒಂದನ್ನೂ ಕರದಿಲ್ಲ, ಎಲ್ಲ ತಾವಾಗಿ ಬಂದು ನನ್ನ ಕೊರಳಿಗೆ ಬಿದ್ದಾವು. ಅದರಾಗ ಒಂದು ವಾರ ಅಂತೂ ನಗಬೇಕೋ ಅಳಬೇಕೋ ತಿಳೀದಂಥಾದ್ದು.

೧. ನೆಳ್ಳಿಗೆ ಕಟ್ಟರಿ

ಕಾಲುವಿ ನೀರು ಬಂದ ಹೊಸತರಾಗ ಶಹಾಪುರ, ಸುರಪುರ ಕಡಿ ಎಲ್ಲಿ ನೋಡಿದ್ರೂ ನೆಲ್ಲು, ಹತ್ತಿ. ನೀರಿನ ಹಿಂದ ಹುಳ ಬಂತು, ಹುಳದ ಹಿಂದ ಔಷಧ ಹೊಡಿಯೋ ವಿಮಾನ ಬಂತು. ಒಬ್ಬರೇ ಕೂಡೋ ಸಣ್ಣ ವಿಮಾನ. ಶಹಾಪುರದ ಹೊರಗ ಕಾಲುವಿ ದಂಡಿಗೆ ಮುರುಂ ಮಣ್ಣು ಹಾಕಿ ಸಾಪು ಮಾಡಿದ ಬಯಲೇ ನಮ್ಮ ವಿಮಾನ ನಿಲ್ದಾಣ. ಇದ್ದವರು ಮೂರು ಮಂದಿ. ಪೈಲಟ್ ಸಾಹೇಬ್ರು ಮೈಸೂರು ಕಡಿಯವರು, ಬೈದ್ರೂ ಹೊಗಳಿದಂಗ ಕೇಳಿಸ್ತಿತ್ತು. ವಾಚ್‌ಮನ್ ಮುತ್ಯಾ ಇಲ್ಲಿಯವನೇ, ಮೊದಲು ಹೊಳಿಯಾಗ ಮೀನು ಹಿಡೀತಿದ್ದ. ನಾನು ಮಿಸ್ತ್ರಿ. ಟ್ರ್ಯಾಕ್ಟರ್ ರಿಪೇರಿ ಮಾಡ್ಕೋತ ಇದ್ದವನಿಗೆ ಕಂಪನಿಯವರು ತರಬೇತಿ ಕೊಟ್ಟು, ಹಂಗಾಮಿನ ಮಟ್ಟಿಗೆ ಇಟ್ಕೊಂಡಿದ್ರು.

ಅದೇ ಹಂಗಾಮಿನಾಗ ಸುರಪುರದಾಗ ನನಗ ಒಂದು ಹೆಣ್ಣು ನೋಡಿದ್ರು. ಹುಡುಗಿ ನನ್ನ ಮನಸ್ಸಿಗೆ ಭಾಳ ಬಂದಿದ್ಲು, ಇದ್ದದ್ದು ಇದ್ದಂಗ ಹೇಳ್ತೀನಿ, ಊಟ ರುಚಿಸ್ತಿರಲಿಲ್ಲ. ಆಕಿ ಅಪ್ಪ ಕಚೇರಿಯಾಗ ಗುಮಾಸ್ತರು. ನಮ್ಮ ಸ್ವಾದರತ್ತಿ, ಅಪ್ಪನ ಅಕ್ಕ, ಅವರ ಮುಂದ ನನ್ನ ಕೆಲಸದ ಬಗ್ಗೆ ಏನೇನು ಬಡಾಯಿ ಹೊಡದಿದ್ಲೋ ದೇವರಿಗೇ ಗೊತ್ತು. ಗುಮಾಸ್ತರು, "ವಿಮಾನ ಹಾರೂದು ಕಣ್ಣಾರೆ ನೋಡ್ತೀನಿ, ಆಮ್ಯಾಲ ಮಾತು ಕೊಡ್ತೀನಿ" ಅಂದಿದ್ರು. ಅವರು ಬರೋದು ಗುರುವಾರ ಅಂತ ಗೊತ್ತಾಗಿತ್ತು.

ಸೋಮವಾರ ಮುಂಜಾನಿ ಸಾಹೇಬ್ರು ಶಿರವಾಳ ಕಡಿ ಔಷಧ ಹೊಡಿಯಾಕ ಹೋದವರು, ಹೋದ ದಾರಿಲೇ ವಾಪಸ್ ಬಂದ್ರು.

"ಮೇಸ್ತ್ರಿ, ಇಂಜಿನ್ ಬಿಸಿ ತೋರಿಸೋ ಮುಳ್ಳು ಕೆಂಪು ಗೆರೆ ದಾಟಿದೆ ಕಣಯ್ಯ. ಹಿಂಗಾದ್ರೆ ಮೇಲೆ ಇಂಜಿನ್ ಹಿಡ್ಕೊಂಡುಬಿಡುತ್ತೆ."

ಮುಚ್ಚಳ ತಗದು ನೋಡಿದೆ. ಎಣ್ಣಿ ಬರೋಬ್ಬರಿ, ಪ್ಲಗ್ ಬರೋಬ್ಬರಿ, ಸುಟ್ಟ ವಾಸನಿ ಇಲ್ಲ. ಒರೆಸಿ ಬಿಗಿ ಮಾಡಿ ಮತ್ತ ಹಾರಿಸಿದ್ರ ಮುಳ್ಳು ಮತ್ತ ಕೆಂಪಿಗೆ. ಖರೇನೇ ಇಂಜಿನ್ ಸುಡಾಕತ್ತದೋ, ಮುಳ್ಳು ಸುಳ್ಳು ಹೇಳಾಕತ್ತದೋ ತಿಳಿಯದ ಸಾಹೇಬ್ರು ಇನ್ನ ಹಾರಂಗಿಲ್ಲ ಅಂತ ಕೈ ಕಟ್ಟಿ ಕುಂತ್ರು. ಅವರ ಜೀವದ ಪ್ರಶ್ನೆ, ನಾ ಏನಂತ ಹೇಳಲಿ?

ಸುತ್ತ ನಿಂತ ರೈತರಾಗ ಒಬ್ಬ ಹಿರಿಯ ಮುಂದ ಬಂದ. "ಇದರಾಗ ಫಿಕರ್ ಮಾಡೂದು ಏನದ? ಕಾಲುವಿಗೆ ಇಳಸ್ರಿ. ನಮ್ಮ ಎಮ್ಮಿ ಹಂಗ ಮೂತಿ ತನಕ ಮುಳುಗಿ ನಿಂತ್ರ ತಣ್ಣಗಾಗ್ತದ."

ಸಾಹೇಬ್ರು ಸಮಾಧಾನದಿಂದ, "ಇದಕ್ಕೆ ನೀರು ಬೇಡ ಯಜಮಾನ್ರೆ, ಇದು ಗಾಳಿಯಲ್ಲೇ ತಣ್ಣಗಾಗೋ ಇಂಜಿನ್ನು" ಅಂದ್ರು.

"ಗಾಳಿಯಾಗ ತಣ್ಣಗಾಗೋದಾದ್ರ ಬಿಸಲಾಗ ಯಾಕ ನಿಲ್ಲಿಸೀರಿ? ನೆಳ್ಳಿಗೆ ಕಟ್ಟರಿ! ಓದಿದವರಿಗೆ ಇಷ್ಟೂ ತಿಳಿಬಾರದಾ?"

ಎಲ್ಲಾರೂ ಸೇರಿ ವಿಮಾನ ದೂಡಿಕೊಂಡು ಹೋಗಿ ಬೇವಿನ ಗಿಡದ ಬುಡಕ್ಕ ನಿಲ್ಲಿಸಿದ್ವಿ. ಆ ಹಿರಿಯ ಹೋಗೋ ಮುಂದ ಒಂದು ಹಿಡಿ ಹಸಿ ಮೇವೂ ಇಟ್ಟು ಹೋದ.

೨. ಅಂಚೆ ಕಚೇರಿಯ ದವಾಖಾನಿ

ಕಂಪನಿಗೆ ಟ್ರಂಕ್ ಕಾಲ್ ಮಾಡಾಕ ಶಹಾಪುರದ ಅಂಚೆ ಕಚೇರಿಗೆ ಹ್ವಾದೆ. ಆಗಿನ ಟೆಲಿಫೋನು ಹೆಂಗಂದ್ರ, ನಾವು ಒದರಿದ್ದು ತಂತಿ ಬಿಟ್ಟು ಬರೇ ಗಾಳಿಯಾಗೇ ಆ ಊರು ಮುಟ್ಟತಿತ್ತು.

"ಹಲೋ! ಭಾಳ ಬಿಸಿ ಆಗ್ಯಾದ್ರಿ! ಹ್ಞೂಂ, ಮುಂಜಾನಿಂದ! ಇಲ್ರಿ, ಇಳೀವಲ್ದು!"

ಸಾಲಿನಾಗ ಕಾರ್ಡು ಕವರು ತಗೋಳಾಕ ನಿಂತವರ ಕಿವಿ ಎಲ್ಲ ನನ್ನ ಕಡಿ ತಿರುಗಿದ್ವು. ನಾ ಫೋನಿನ ಬಾಯಿ ಮುಚ್ಚಿ, "ವಿಮಾನದ ಸುದ್ದಿರಿ, ಮನಿಶ್ಯಾರದಲ್ಲ" ಅಂದೆ. ಆದ್ರ ಕೇಳೋರು ಯಾರು? ಒಬ್ಬಾತ, "ನಿನ್ನೆ ಏನು ಕುಡಿಸಿದ್ರಿ?" ಅಂದ. "ಪೆಟ್ರೋಲ್" ಅಂದೆ. "ಮತ್ತ ಹೊಟ್ಟಿ ಸುಡದ ಏನು ಮಾಡ್ತದ?" ಅಂದ.

ಅತ್ತ ಕಂಪನಿ ಇಂಜಿನಿಯರು ಒಂದು ಉಪಾಯ ಹೇಳಿದ್ರು. ಇಂಜಿನ್ನಿನ ಬಿಸಿ ಮುಳ್ಳಿಗೆ ಮುಟ್ಟಿಸೋ ತಂತಿಯ ಇಂಜಿನ್ ಕಡಿ ತುದಿ ಬಿಚ್ಚಿ ಕುದಿಯೋ ನೀರಿನಾಗ ಅದ್ದಬೇಕು. ಕುದಿಯೋ ನೀರಿಗೆ ಮುಳ್ಳು ನೂರು ಡಿಗ್ರಿ ತೋರಿಸಿದ್ರ ಅದರ ಮಾತು ಖರೆ, ಇಂಜಿನ್ನೇ ಕೆಟ್ಟದ. ಹೆಚ್ಚು ತೋರಿಸಿದ್ರ ಮುಳ್ಳು ಸುಳ್ಳು, ಇಂಜಿನ್ ಗಟ್ಟಿ ಅದ. ಇಷ್ಟು ಹೇಳಿ, "ಶುಕ್ರವಾರದೊಳಗೆ ಹಾರದಿದ್ರೆ ರೆಕ್ಕೆ ಬಿಚ್ಚಿ ಲಾರಿಗೆ ಹೇರಿ ಯಾದಗಿರಿ ಸ್ಟೇಷನ್ನಿಗೆ ಕಳಿಸು. ಕ್ಯಾಂಪ್ ಬಂದ್. ನೀನೂ ಮನೆಗೆ ಹೋಗು" ಅಂದು ಫೋನ್ ಇಟ್ಟುಬಿಟ್ರು.

ಕೆಲಸ ಹೋದ ಹುಡುಗನಿಗೆ ಯಾವ ಗುಮಾಸ್ತ ಮಗಳ ಕೊಡ್ತಾನ? ಮಾರಿ ಸಣ್ಣದು ಮಾಡ್ಕೊಂಡು ಹೊಂಟೆ. ಬಾಗಲದಾಗ ನಿಂತು ನನ್ನ ಒದರಾಟ ಅರ್ಧಂಬರ್ಧ ಕೇಳಿದ್ದ ಒಬ್ಬಾಕಿ ಮುದುಕಿ, ಯಾರಿಗೆ ಏನಾಗ್ಯಾದ ಅಂತ ಆಕಿಗೇನು ಗೊತ್ತು, ನನ್ನ ಮಾರಿ ನೋಡಿ, "ಏನಂದ್ರಪ್ಪ ದೊಡ್ಡ ಡಾಕ್ಟರು?" ಅಂತ ಕೇಳಿದ್ಲು.

"ಶುಕ್ರವಾರ ತನಕ ನೋಡಬೇಕಂತಬೇ."

ಮುದುಕಿ ಸೆರಗು ಬಾಯಿಗೆ ಹಚ್ಚಿ, "ಹಣ್ಣು, ಹೋಳಿಗಿ, ಏನು ಬೇಡ್ತದೋ ಕೊಟ್ಟುಬಿಡಪ್ಪ. ಆಸಿ ಉಳೀಬಾರದು" ಅಂದ್ಲು.

೩. ಬೀಗರು ಬಂದ್ರು

ಮಂಗಳವಾರ, ಬುಧವಾರ ಎರಡೂ ದಿನ ಜಿಟಿಜಿಟಿ ಮಳಿ ಹಿಡಕೊಂಡು ಒಲಿ ಹಚ್ಚಾಕೇ ಬಿಡಲಿಲ್ಲ. ಗುರುವಾರ ಮಳಿ ನಿಂತು ಹೊಳವಾತು. ಬೇವಿನ ಗಿಡದ ಬುಡಕ್ಕ, ವಿಮಾನದ ಮೂತಿ ಮುಂದ ಮೂರು ಕಲ್ಲು ಹೂಡಿ ಒಲಿ ಮಾಡಿದೆ. ಕ್ಯಾಂಪಿನಾಗ ಇದ್ದದ್ದು ಒಂದೇ ಬೋಗಾಣಿ, ಮುತ್ಯಾನ ಚಹಾದ್ದು. ಅದರಾಗ ನೀರಿಟ್ಟು, ಇಂಜಿನ್ ತಂತಿಯ ತುದಿ ಬಿಚ್ಚಿ ಇಳಿಬಿಟ್ಟೆ. ಸಾಹೇಬ್ರು ಒಳಗ ಕುಂತು ಮುಳ್ಳು ನೋಡಾಕತ್ತಿದ್ರು. ತೊಯ್ದ ಕಟಗಿ ಹತ್ತವಲ್ದು. ನಾ ಕುಕ್ಕರಗಾಲಿಲೆ ಕುಂತು ಕೊಳವಿಲೆ ಊದಾಕತ್ತಿದ್ದೆ, ಹೊಗಿಗೆ ಕಣ್ಣಾಗ ಮೂಗಿನಾಗ ನೀರು.

ಅಷ್ಟರಾಗ ಬಂದ್ರು ನೋಡ್ರಿ ಗುಮಾಸ್ತರು! ಕರೇ ಕೋಟು, ಬಿಳೇ ಧೋತ್ರ, ಬಗಲಾಗ ಛತ್ರಿ. ಮೊದಲು ವಿಮಾನ ನೋಡಿದ್ರು, ಆಮ್ಯಾಲ ಒಲಿ ನೋಡಿದ್ರು, ಆಮ್ಯಾಲ ನನ್ನ ನೋಡಿದ್ರು.

"ಏನು ಮಾಡಾಕತ್ತೀರಿ?"

"ವಿಮಾನ ರಿಪೇರಿರಿ" ಅಂದೆ, ಮೂಗು ಒರಸ್ಕೋತ.

ನೀರು ಕೊತಕೊತ ಕುದಿಯಾಕತ್ತು. ಇನ್ನೇನು ಸಾಹೇಬ್ರು ಮುಳ್ಳಿನ ಲೆಕ್ಕ ಹೇಳಬೇಕು, ಮುತ್ಯಾ ಓಡಿ ಬಂದವನೇ ಒಂದು ಮುಷ್ಟಿ ಸಕ್ಕರಿ, ಒಂದು ಚಿಟಿಕಿ ಚಹಾಪುಡಿ ಬೋಗಾಣಿಗೆ ಒಗದ. "ಏ ಮುತ್ಯಾ!" ಅಂತ ಒದರಿದೆ.

"ಬೀಗರು ಬಾಗಲಿಗೆ ಬಂದಾರ, ಒಲಿಮ್ಯಾಲ ಬರೇ ನೀರು ಕುದಿಸ್ತೀಯಲ್ಲ, ನಿನಗ ಮಾನ ಅದಾ?" ಅಂತ ನನಗೇ ಜಬರಿಸಿದ.

ಮ್ಯಾಲಿಂದ ಸಾಹೇಬ್ರು ಕೂಗಿದ್ರು: "ನೂರು ಆಯ್ತು! ನೂರೈವತ್ತೂ ದಾಟ್ತು! ಇನ್ನೂ ಏರ್ತಾ ಇದೆ ಕಣಯ್ಯ!"

ಗುಮಾಸ್ತರು ಕುತಗಿ ಎತ್ತಿ ಸಾಹೇಬ್ರನ್ನ ನೋಡಿದ್ರು, ಬಗ್ಗಿ ಬೋಗಾಣಿಯಾಗಿನ ತಂತಿ ನೋಡಿದ್ರು. "ಅಲ್ರಿ, ಚಹಾ ಕುದ್ದದೋ ಇಲ್ಲೋ ಹೇಳಾಕ ವಿಮಾನದಾಗ ಒಬ್ಬ ಸಾಹೇಬರನ್ನ ಕುಂದರಸೀರೇನು?"

೪. ಚಾರ್ಜ್ ತಗೊಂಡ ನಿಂಬಿಹಣ್ಣು

ನನಗಂತೂ ಕುಣಿಯೋವಷ್ಟು ಖುಷಿ ಆಗಿತ್ತು. ಚಹಾ ಎಲ್ಲೆರ ನೂರೈವತ್ತಕ್ಕ ಕುದೀತದೇನು? ಮುಳ್ಳು ಸುಳ್ಳು, ಇಂಜಿನ್ ಗಟ್ಟಿ! ಆದ್ರ ಮುಳ್ಳು ಯಾಕ ಸುಳ್ಳು ಹೇಳ್ತದ? ತಂತಿ ಕೈಯಾಗ ಹಿಡಕೊಂಡು ಅದರ ಗುಂಟ ಹ್ವಾದೆ. ಆ ತಂತಿ ಇಷ್ಟೇ ಉದ್ದ ಇರಬೇಕು ಅಂತ ಕಂಪನಿಯವರೇ ಅಳದು ಕೊಟ್ಟಿರ್ತಾರ. ಹೆಚ್ಚಾದದ್ದನ್ನ ಸುರುಳಿ ಸುತ್ತಿ ಇಂಜಿನ್ ಹಿಂದ ಕಟ್ಟಿರ್ತೀವಿ. ಗೇಣು ಕತ್ತರಿಸಿದ್ರೂ ಮುಳ್ಳು ಹುಚ್ಚುಚ್ಚರ ಏರ್ತದ. ಹಿಂದ ಕೈ ಹಾಕಿದ್ರ ಸುರುಳಿನೇ ಇಲ್ಲ! ಕತ್ತರಿಸಿದ ತುದಿ ಎರಡೂ ಮೀನಿನ ಬಲಿ ಹೆಣದಷ್ಟು ಚಂದಾಗಿ ಹೆಣದು ಬಿಟ್ಟಾರ.

"ಇಲ್ಲಿದ್ದ ತಂತಿ ಸುರುಳಿ ಎಲ್ಲಿ ಹೋತು?" ಅಂತ ಒದರಿದೆ.

"ಅದಾ? ಅಲ್ಲೇ ಅದಲ್ಲ" ಅಂದು ಮುತ್ಯಾ ಆರಾಮಾಗಿ ವಿಮಾನದ ಗಾಲಿ ಕಡಿ ಕೈ ಮಾಡಿದ. ಗಾಲಿ ಕಂಬಕ್ಕ ನಿಂಬಿಹಣ್ಣು ಮೆಣಸಿನಕಾಯಿ ಸರ ಜೋತಾಡಾಕತ್ತಿತ್ತು. ನಮ್ಮ ಕಡಿ ಅಮಾಸಿಗೊಮ್ಮೆ ಲಾರಿ, ಬಂಡಿ ಎಲ್ಲಕ್ಕೂ ದೃಷ್ಟಿ ಆಗಬಾರದಂತ ಹೊಸಾ ಸರ ಕಟ್ತಾರ. ವಿಮಾನಕ್ಕ ಕಟ್ಟೋದು ಮುತ್ಯಾನ ಪಾಲಿನ ಕೆಲಸ.

"ನೂಲಿಲೆ ಪೋಣಿಸಿದ್ರ ಗಾಳಿಗೆ ಹರೀತದಪ್ಪ. ಅಷ್ಟು ಎತ್ತರದಿಂದ ನಿಂಬಿಹಣ್ಣು ಬಿದ್ದು ಯಾರದರ ತಲಿ ಒಡದ್ರ? ಅದಕ್ಕ ಗಟ್ಟಿ ತಂತಿ ಹುಡುಕಿದೆ. ಐತವಾರ ಅಮಾಸಿ ದಿನ ನಿನ್ನ ಇಂಜಿನ್ ಮುಚ್ಚಳ ತಗದಿತ್ತು, ನೀ ಉಣ್ಣಾಕ ಹೋಗಿದ್ದಿ. ಇದನ್ನ ಸುತ್ತಿ ಸುಮ್ಮನ ಇಟ್ಟಿದ್ದಿ. ಬೇಕಾಗಿದ್ರ ಯಾರರ ಸುತ್ತಿ ಇಡ್ತಾರೇನು?"

"ಬಿಚ್ಚು ಅದನ್ನ!"

"ಮುಂದಿನ ಅಮಾಸಿ ತನಕ ಮುಟ್ಟಂಗಿಲ್ಲ. ನಡುವ ಬಿಚ್ಚಿದ್ರ ಸಾಹೇಬ್ರಿಗೆ ಏನರ ಆದ್ರ ನೀ ಹೊಣಿಯೇನು?" ಅಂದು ಮುತ್ಯಾ ಗಾಲಿಗೆ ಅಡ್ಡ ಕುಂತ. ಆತನಿಗೆ ಸಾಹೇಬ್ರ ಮ್ಯಾಲ ಅಷ್ಟು ಜೀವ.

ನಾ ಕಾಲು ಹಿಡಿಯೋದೊಂದು ಬಾಕಿ. "ನನ್ನ ಲಗ್ನ ಆ ತಂತಿಗೆ ಜೋತು ಬಿದ್ದದೋ ಮುತ್ಯಾ!" ಅಂದುಬಿಟ್ಟೆ. ಹಿಂದ ಗುಮಾಸ್ತರು ಕೆಮ್ಮಿದ್ರು. ಅವರು ನಿಂತದ್ದೇ ಮರ್ತಿದ್ದೆ, ಭೂಮಿ ಬಾಯಿ ಬಿಡಬಾರದಾ ಅನಿಸ್ತು.

ಅವರು ಮುತ್ಯಾನ ಕಡಿ ತಿರುಗಿ ಕಚೇರಿ ದನಿಯಾಗ ಹೇಳಿದ್ರು: "ಹಳೇ ನೌಕರ ಚಾರ್ಜ್ ಕೊಡದ ಕುರ್ಚಿ ಬಿಡಂಗಿಲ್ಲ, ಅದು ಖರೆ. ಹಂಗಂತ ವರ್ಗಾವಣಿ ನಿಲ್ತದೇನು? ಮೊದಲು ಹೊಸಾದು ಕಟ್ಟರಿ, ಅದು ಚಾರ್ಜ್ ತಗೋಲಿ. ಆಮ್ಯಾಲ ಹಳೇದನ್ನ ಬಿಡುಗಡಿ ಮಾಡ್ರಿ."

ಮುತ್ಯಾ ಗೋಣು ಹಾಕಿದ. ಸೆಣಬಿನ ಹುರಿಗೆ ಹೊಸಾ ನಿಂಬಿಹಣ್ಣು ಪೋಣಿಸಿ ಕಟ್ಟಿದ. ಹಳೇದು ಬಿಚ್ಚೋ ಮುಂದ ಮಾತ್ರ ಗುಮಾಸ್ತರನ್ನ ಕೇಳಿದ: "ಇದಕ್ಕ ಪಿಂಚಣಿ ಬರ್ತದೇನ್ರಿ?"

೫. ಸುರಪುರದ ತೀರ್ಪು

ತಂತಿ ತುಂಡು ಮೊದಲಿನಂಗ ಸೇರಿಸಿ ಬೆಸಗಿ ಹಾಕಿದೆ. ಬೋಗಾಣಿ ತೊಳದು ಬರೇ ನೀರು ಕುದಿಸಿ ಅದ್ದಿದ್ರ, ಮುಳ್ಳು ನೂರಕ್ಕ ಬಂದು ಶಾಣ್ಯಾ ಆಗಿ ನಿಂತಿತು. ಸಾಹೇಬ್ರು ಹಾರಿದ್ರು. ಶಿರವಾಳ ಕಡಿ ದೊಡ್ಡದೊಂದು ಸುತ್ತು ಹಾಕಿ, ಬೋನಾಳ ಕೆರಿ ಹಕ್ಕಿಗಳಿಗೆ ತ್ರಾಸು ಆಗದಂಗ ದೂರಿಂದಲೇ ತಿರುಗಿ ಬಂದ್ರು. ಇಳದವರೇ ನನ್ನ ಬೆನ್ನು ಚಪ್ಪರಿಸಿ, "ಮುಳ್ಳು ಅಲ್ಲಾಡಲೇ ಇಲ್ಲ ಕಣೋ!" ಅಂದ್ರು. ನನ್ನ ಕಣ್ಣಾಗ ನೀರು ಬಂತು, ಈ ಸಲ ಹೊಗಿ ಇರಲಿಲ್ಲ.

ಗುಮಾಸ್ತರು ಮಾತ್ರ ಛತ್ರಿ ಊರಿ ನಿಂತಿದ್ರು. "ಹಾರಿಸಿದವರು ಅವರು. ಹಂಗಾದ್ರ ನೀವು?"

"ನಾ ಮಿಸ್ತ್ರಿರಿ. ಒಂದು ಸಲನೂ ಮ್ಯಾಲೆ ಹೋಗಿಲ್ರಿ" ಅಂದೆ. ಸುಳ್ಳು ಹೇಳಾಕ ಬಾಯಿ ಬರಲಿಲ್ಲ.

"ಹ್ಞೂಂ. ಮನ್ಯಾಗ ಕೇಳಿ ಹೇಳ್ತೀನಿ" ಅಂದು ಬಸ್ ಹತ್ತಿಬಿಟ್ರು.

ಕೆಲಸ ಉಳೀತು, ಆದ್ರ ಜೀವಕ್ಕ ಚೈನಿಲ್ಲ. ಶುಕ್ರವಾರ ಸುದ್ದಿ ಇಲ್ಲ, ಶನಿವಾರ ಸುದ್ದಿ ಇಲ್ಲ. ಮುಗೀತು ಅಂತ ಕುಂತೆ. ಐತವಾರ ಮುಂಜಾನಿ ನೋಡ್ತೀನಿ, ಗುಮಾಸ್ತರು ಸಕ್ಕರಿ ಪೊಟ್ಟಣ, ಕಾಯಿ ಹಿಡಕೊಂಡು ಬರಾಕತ್ತಾರ! ಸಕ್ಕರಿ ತಂದ್ರು ಅಂದ್ರ ನಮ್ಮ ಕಡಿ ಹೆಣ್ಣು ಕೊಟ್ಟಂಗೇ.

ಮನ್ಯಾಗ ನಡದದ್ದನ್ನ ಅವರೇ ಹೇಳಿದ್ರು. ಒಳಗಿದ್ದ ಮಗಳನ್ನ ಕೂಗಿ, "ನೋಡವ್ವ, ಆ ಹುಡುಗ ವಿಮಾನ ಹಾರಸಂಗಿಲ್ಲ. ಅದರ ಮುಂದ ಕುಕ್ಕರಗಾಲಿಲೆ ಕುಂತು ಒಲಿ ಊದ್ತಾನ, ನೀರು ಕುದಿಸ್ತಾನ, ಬೋಗಾಣಿ ತೊಳೀತಾನ. ಬ್ಯಾಡ ಅಂತ ಹೇಳಿ ಕಳಸಲೇನು?" ಅಂದ್ರಂತ.

ಹುಡುಗಿ ಅಡಗಿ ಮನಿಯಿಂದ ಹೊರಗ ಬಂದು ಕೇಳಿದ್ಲಂತ: "ಒಲಿ ಖುದ್ದು ತಾನೇ ಊದಿದ್ನೇನು?"

"ಹೌದವ್ವ, ಕಣ್ಣಾಗ ನೀರು ಬರೋ ತನಕ."

"ಬೋಗಾಣಿನೂ ತಾನೇ ತೊಳದ್ನೇನು?"

"ಹೌದವ್ವ, ನಾ ಕಣ್ಣಾರೆ ನೋಡೀನಿ."

"ಹಂಗಾದ್ರ ಪೈಲಟ್ ಯಾರಿಗೆ ಬೇಕಪ್ಪ? ಜಲ್ದಿ ಸಕ್ಕರಿ ಕೊಟ್ಟು ಬರ್ರಿ, ಬ್ಯಾರೆ ಯಾರರ ಹಾರಿಸ್ಕೊಂಡು ಹೋದಾರು!"