ಪನ್ನೇರಳೆ ಮರದಡಿಯ ಆರಡಿ ಕಳ್ಳ

ಫೋಟೋ ಚೆನ್ನಾಗಿ ಬಂದುಬಿಟ್ಟಿದೆಯಲ್ಲ ಎಂಬುದೇ ಜುಸಾರಾಳ ಮೊದಲ ಸಂಕಟ. ಇಂಥ ಹೊತ್ತಿನಲ್ಲಿ ಹೀಗೆಲ್ಲ ಅನ್ನಿಸಬಾರದು ಎಂದು ತನ್ನನ್ನು ತಾನೇ ಗದರಿಕೊಂಡಳು.

ಬೆಳಗಿನ ಜಾವ ಬ್ರೆಜಿಲಿನ ಸಲ್ವದೋರ್ ನಗರದ ಬೀದಿಗಳಲ್ಲಿ ಕಡಲ ಮಂಜು ಇನ್ನೂ ಮಲಗಿದ್ದಾಗ ಅವಳು ಟೋಪಿಯಿರುವ ಅಣ್ಣನ ಜರ್ಕಿನ್ ತೊಟ್ಟು, ಟೋಪಿಯನ್ನು ತಲೆಗೆಳೆದುಕೊಂಡು ಅಂಗಳಕ್ಕೆ ಇಳಿದಿದ್ದಳು. ಪನ್ನೇರಳೆ ಮರ ಗುಲಾಬಿ ಕೇಸರ ಉದುರಿಸಿ ನೆಲಕ್ಕೆ ಕನಸು ಹಾಸಿತ್ತು. ಹವಾಯಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಮುಖವೆತ್ತಿ ಸುಮ್ಮನೆ ನಿಂತಳು. ಅಷ್ಟೇ. ಗೇಟಿನ ಕ್ಯಾಮರಾ ಮಾತ್ರ ಅದನ್ನು ಕಪ್ಪು ಬಿಳುಪಿನಲ್ಲಿ ಕಂಡಿತು.

ಈಗ ಕಟ್ಟಡದ ವಾಟ್ಸಾಪ್ ಗುಂಪು ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿಯುತ್ತಿತ್ತು.

"ನಮ್ಮ ಅಂಗಳದಲ್ಲಿ ಒಬ್ಬ ಕರಿಯ!" ಎಂದರು ಕಟ್ಟಡದ ಮೇಲ್ವಿಚಾರಣೆ ಹೊತ್ತ, ಎಲ್ಲರೂ ‘ದೋನಾ’ ಅಂದರೆ ಅಮ್ಮಾವ್ರು ಎಂದು ಕರೆಯುವ ಜುಲೇಯ್ಡಿ.

"ಕೈಲಿ ಪಿಸ್ತೂಲಿದೆ. ಪೊಲೀಸಲ್ಲಿ ಸವೆದವನು ನಾನು, ಗೊತ್ತಾಗಲ್ವಾ?" ಎಂದರು ನಿವೃತ್ತ ಸಾರ್ಜೆಂಟ್ ಅದಾಲ್ಬೆರ್ತು.

ಜುಸಾರಾ ತನ್ನ ಚಪ್ಪಲಿಯನ್ನು ನೋಡಿದಳು. 'ಅದು ನಾನು' ಎಂದು ಬರೆದಳು, ಅಳಿಸಿದಳು. ಮತ್ತೆ ಬರೆದಳು, ಅಳಿಸಿದಳು. ಕೊನೆಗೆ ಕೈಮುಗಿದ ಚಿತ್ರವೊಂದನ್ನು ಕಳಿಸಿದಳು.

"ಹೆದರ್ಬೇಡ ಪುಟ್ಟಿ, ಚಿಲಕ ಹಾಕ್ಕೊಂಡು ಒಳಗಿರು," ಎಂದು ದೋನಾ ಜುಲೇಯ್ಡಿ ಧೈರ್ಯ ಹೇಳಿದರು.

ಮಧ್ಯಾಹ್ನದ ಹೊತ್ತಿಗೆ ಅವಳು ಟೀವಿಗೂ ಬಂದಳು. ಸುತ್ತ ಕೆಂಪು ವೃತ್ತ. ನಿರೂಪಕ ಮೇಜು ಗುದ್ದಿ, "ಆರಡಿ ಎತ್ತರ! ಹಿಂದೆ ದೊಡ್ಡ ಗ್ಯಾಂಗು!" ಎಂದು ಕೂಗಿದ. ಐದಡಿಯೂ ದಾಟದ ಜುಸಾರಾ ತನಗರಿವಿಲ್ಲದೆ ಬೆನ್ನು ನೆಟ್ಟಗೆ ಮಾಡಿ ಕುಳಿತಳು. ಮತ್ತೆ ಮತ್ತೆ ನೋಡುತ್ತಾ ಹೋದಂತೆ ಅವಳಿಗೇ ಆ ಮನುಷ್ಯನ ಭಯ ಹತ್ತಿತು. ಎದ್ದು ಹೋಗಿ ಚಿಲಕ ಹಾಕಿದಳು, ಮಂಚದ ಕೆಳಗೂ ಇಣುಕಿದಳು.

ಸಂಜೆ ಜಿನುಗು ಮಳೆಯಲ್ಲಿ ಬ್ರೆಡ್ಡಿನವನ ಸೈಕಲ್ ಹಾರನ್ ಕೇಳಿಸಿ, ಅರ್ಧಕ್ಕೇ ನಿಂತಿತು. ಜುಸಾರಾ ಕಿಟಕಿಯಿಂದ ಬಗ್ಗಿ ನೋಡಿದಳು. ಮಳೆಕೋಟಿನ ಟೋಪಿ ಹಾಕಿಕೊಂಡಿದ್ದ, ಕಪ್ಪು ಮೈಬಣ್ಣದ ಬ್ರೆಡ್ಡಿನ ಎಡಿವಾಲ್ದುವನ್ನು ಗೇಟಿನಲ್ಲಿ ನಾಲ್ಕಾರು ಜನ ಹಿಡಿದುಕೊಂಡಿದ್ದರು.

"ದೋನಾ, ನಾನ್ರೀ! ದಿನಾ ಬ್ರೆಡ್ ತರೋನು! ನಿನ್ನೆ ಸೀದುಹೋಗಿದೆ ಅಂತ ಬೈದ್ರಲ್ಲ!" ಎಂದು ಅವನು ನಗುತ್ತಲೇ ಹೇಳಿದ.

"ನೋಡಿದ್ರಾ, ನಮ್ಮನೆ ಒಳಗಿನ ಸುದ್ದಿಯೆಲ್ಲ ಕಲೆಹಾಕಿದಾನೆ," ಎಂದರು ಅದಾಲ್ಬೆರ್ತು. "ಪೊಲೀಸ್ ಜೀಪು ಬರ್ತಿದೆ, ಅಲ್ಲಿ ಹೇಳು."

ಜೀಪು ಎಂದ ಕೂಡಲೇ ಎಡಿವಾಲ್ದುವಿನ ನಗು ಆರಿತು. ಅವನ ಓಣಿಯಲ್ಲಿ ಜೀಪು ಹತ್ತಿದವರೆಲ್ಲ ಮನೆಗೆ ಮರಳಿದ್ದಿಲ್ಲ. ಅದು ಜುಸಾರಾಳಿಗೂ ಗೊತ್ತಿತ್ತು. ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದಳು.

"ಅವರನ್ನ ಬಿಡಿ. ಫೋಟೋದಲ್ಲಿರೋದು ನಾನು."

ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಮರಿ, ಅವ್ನು ಆರಡಿ ಅಂತ ಟೀವೀಲೇ ಹೇಳಿದ್ರಲ್ಲ!" ಎಂದರು ಅದಾಲ್ಬೆರ್ತು.

"ಹೂವು ನೋಡೋಕೆ ಬಂದಿದ್ದೆ. ಕೈಲಿದ್ದದ್ದು ಚಪ್ಪಲಿ."

"ಅಯ್ಯೋ ನನ್ನ ಬಂಗಾರಿ!" ದೋನಾ ಜುಲೇಯ್ಡಿ ಅವಳ ಕೆನ್ನೆ ಸವರಿದರು. "ಇವನ ಮೇಲೆ ಕನಿಕರ ಪಟ್ಟು ಏನೇನೋ ಹೇಳ್ತೀಯಲ್ಲ. ಫೋಟೋದಲ್ಲಿರೋನು ಕರಿಯ ಕಣೇ. ನಿಂದು ದಾಲ್ಚಿನ್ನಿ ಬಣ್ಣ. ಓದಿದ ಹುಡುಗಿ, ನಮ್ಮ ಮನೆಮಗಳು. ಯಾರಾದ್ರೂ ನಿನ್ನ ಕರಿಯಳು ಅಂದ್ರೆ ನಾಲಿಗೆ ಕೀಳ್ತೀನಿ!"

ಬೀದಿಯ ತಿರುವಿನಲ್ಲಿ ಜೀಪಿನ ಕೆಂಪು ದೀಪ ಮಳೆಯೊಳಗೆ ಅರಳಿತು. ಎಡಿವಾಲ್ದು ಕಣ್ಣು ಮುಚ್ಚಿಕೊಂಡ. ಜುಸಾರಾ ಆ ಮೆತ್ತನೆಯ ಕೈಯನ್ನು ಕೆನ್ನೆಯಿಂದ ಮೆಲ್ಲಗೆ ತೆಗೆದಳು.

"ನಾನು ಕರಿಯಳೇ, ದೋನಾ ಜುಲೇಯ್ಡಿ."

ಎಡಿವಾಲ್ದುವನ್ನು ಹಿಡಿದಿದ್ದ ಕೈಗಳೆಲ್ಲ ಸಡಿಲಿದವು. ದೋನಾ ಜುಲೇಯ್ಡಿ ಎರಡು ಹೆಜ್ಜೆ ಹಿಂದೆ ಸರಿದು, ತಮ್ಮ ಕೈಚೀಲವನ್ನು ಎದೆಗೆ ಅವಚಿಕೊಂಡರು.