ಪಟೇಲರ ಪಟ, ಮತ್ತಿತರ ಕಲಾಸೇವೆಗಳು

ಎರಡನೇ ಮಹಾಯುದ್ಧದ ಕಾಲದಲ್ಲಿ ನಾನು ಮಂಡ್ಯದ ಹೈಸ್ಕೂಲಿನಲ್ಲಿ ಓದುತ್ತಿದ್ದೆ. ಚಿತ್ರ ಬರೆಯುವ ಹುಚ್ಚು ಬೇರೆ. ಕಲೆ, ಶಾಸ್ತ್ರ, ಸೌಂದರ್ಯ ಅಂತ ದೊಡ್ಡ ಮಾತಾಡುವವರ ಪಕ್ಕಕ್ಕೇ ವಿಧಿ ನನ್ನನ್ನು ತಂದು ಕೂರಿಸುತ್ತಿತ್ತು. ನಾನು ಸುಮ್ಮನಿದ್ದರೂ ಅವರು ಸುಮ್ಮನಿರುತ್ತಿರಲಿಲ್ಲ.

ರಸಿಕರು

ಮಳವಳ್ಳಿಯಲ್ಲಿ ನಮ್ಮ ಚಿಕ್ಕಪ್ಪ ಅಂದರೆ ಸಂಗೀತದ ಹೈಕೋರ್ಟು. ಯಾರೇ ಹಾಡಲಿ, "ಸ್ರುತಿ ಸಾಲ್ದು" ಎಂದು ತೀರ್ಪು ಕೊಟ್ಟು ಎದ್ದುಬಿಡುವರು. ಒಂದು ರಜದಲ್ಲಿ ನಾನು ಊರಿಗೆ ಹೋದಾಗ, ಪೇಟೆಯ ಹೋಟೆಲಿನವನು ಹೊಸದಾಗಿ ಗ್ರಾಮಫೋನ್ ತಂದಿಟ್ಟಿದ್ದ. "ಬಾರ್ಲಾ, ಸಂಗೀತ ಅಂದ್ರೇನು ತೋರುಸ್ತೀನಿ" ಅಂತ ಚಿಕ್ಕಪ್ಪ ಕರೆದುಕೊಂಡು ಹೋದರು.

ದೇವರ ನಾಮ ಚೆನ್ನಾಗಿಯೇ ಶುರುವಾಯಿತು. ಅರ್ಧಕ್ಕೆ ಬಂದಾಗ ಪ್ಲೇಟಿನ ಬಿರುಕಿಗೆ ಮುಳ್ಳು ಸಿಕ್ಕಿಕೊಂಡಿತು. ಹಾಡುವಾತ "ಬಾರೋ... ಬಾರೋ... ಬಾರೋ..." ಎಂದು ಅಲ್ಲೇ ನಿಂತುಬಿಟ್ಟ. ಚಿಕ್ಕಪ್ಪ ಕಣ್ಣು ಮುಚ್ಚಿ ತೊಡೆ ತಟ್ಟತೊಡಗಿದರು.

"ಆಹಾ! ಕರದದ್ದೇ ಕರದದ್ದು! ಇದು ಕಣ್ಲಾ ಭಕ್ತಿ!"

"ಚಿಕ್ಕಪ್ಪ, ಅದು ಮುಳ್ಳು..."

"ಸುಮ್ಕಿರ್ಲಾ! ನಿಂಗೇನ್ ಗೊತ್ತಾದದು?"

ಅಷ್ಟರಲ್ಲಿ ಹೋಟೆಲಿನವನು ಹಿಟ್ಟಿನ ಕೈಯಲ್ಲೇ ಓಡಿಬಂದು ಮುಳ್ಳನ್ನು ಪಕ್ಕಕ್ಕೆ ತಳ್ಳಿದ. ಹಾಡು ಮುಂದಕ್ಕೆ ಹೋಯಿತು. ಚಿಕ್ಕಪ್ಪ ಕೆಂಡವಾಗಿ ಎದ್ದು ನಿಂತರು: "ಥೂ ನಿನ್ನ! ದ್ಯಾವ್ರು ಬಾಗ್ಲುಗಂಟ ಬಂದಿದ್ದ ಕಣಯ್ಯ, ಅಟ್ಬುಟ್ಟಲ್ಲೋ!"

ಶುದ್ಧ ನೀರು

ನಮ್ಮ ತರಗತಿಯಲ್ಲಿ ಒಬ್ಬ ಮಹಾ ಮಡಿವಂತನಿದ್ದ. ನಾವು ಕುಡಿಯುವ ಕೊಳಾಯಿ ನೀರು ಅವನಿಗೆ ಆಗದು. ಮನೆಯಿಂದ ಚೊಂಬಿನಲ್ಲಿ ನೀರು ತಂದು, ಬಟ್ಟೆ ಮುಚ್ಚಿ ಕಿಟಕಿಯಲ್ಲಿಡುತ್ತಿದ್ದ. ನಮ್ಮ ನೆರಳು ಅದರ ಮೇಲೆ ಬಿದ್ದರೆ ನೀರೆಲ್ಲ ಚೆಲ್ಲಿ ಮಧ್ಯಾಹ್ನದವರೆಗೂ ಬಾಯಾರಿ ಒಣಗುತ್ತಿದ್ದ. ನಮ್ಮ ಜಾತಿಗಳ ಬಗ್ಗೆ ಅವನಿಗಿದ್ದ ಜ್ಞಾನ ನಮಗೂ ಇರಲಿಲ್ಲ.

ಒಂದು ದಿನ ವಿಜ್ಞಾನದ ಮೇಷ್ಟ್ರು ಮೈಕ್ರೋಸ್ಕೋಪು ತಂದು ಒಂದು ತೊಟ್ಟು ನೀರು ಕೇಳಿದರು. ಇವನು ತಟ್ಟನೆ ಎದ್ದ. "ನನ್ನ ಚೊಂಬಿನದು ತಗೊಳ್ಳಿ ಸಾರ್. ಶುದ್ಧವಾದ ನೀರು ಹೇಗಿರುತ್ತೆ ಅಂತ ಇವರೂ ನೋಡಲಿ."

ಅವನೇ ಮೊದಲು ಕಣ್ಣಿಟ್ಟ. ಮುಖ ಸುಣ್ಣವಾಯಿತು.

"ಸಾರ್, ಏನೋ ಹರಿದಾಡ್ತಿದೆ. ಜೀವ ಇರೋದಾ ಸಾರ್?"

"ಇಲ್ಲದೆ ಹರಿದಾಡುತ್ತೇನಯ್ಯ? ದಿನಾ ನೀನು ಕುಡಿಯೋದು ಇದನ್ನೇ" ಎಂದರು ಮೇಷ್ಟ್ರು.

ಕೊಪ್ಪದಿಂದ ಬರುತ್ತಿದ್ದ ನನ್ನ ಗೆಳೆಯ ಹಿಂದಿನ ಬೆಂಚಿನಿಂದ ಕೂಗಿದ: "ಲೇ, ನಾವು ಬಾಡ ಬೇಯಿಸ್ಕೊಂಡಾದ್ರೂ ತಿಂತೀವಿ ಕಣ್ಲಾ. ನೀನು ಹಸೀದೇ ನುಂಗ್ತೀಯಲ್ಲ!"

ಪಟೇಲರ ಪಟ

ಮದ್ದೂರಿನ ಹತ್ತಿರ ನಮ್ಮಕ್ಕನನ್ನು ಕೊಟ್ಟ ಊರು. ಅಲ್ಲಿಯ ಪಟೇಲರು ಬೀದಿಗೆ ಬಂದರೆ ನಾಯಿ ಕೂಡ ಚರಂಡಿಗೆ ಇಳಿದು ದಾರಿ ಬಿಡುತ್ತಿತ್ತು. ಅವರು ಒಂದು ಛತ್ರ ಕಟ್ಟಿಸಿದರು. ಅಮಲ್ದಾರರು ಬಂದು ಬಾಗಿಲು ತೆರೆಯುವ ದಿನ ಒಳಗೆ ತಮ್ಮ ಪಟ ಇರಬೇಕು ಅಂತ ಪಟೇಲರಿಂದ ನನಗೆ ಕರೆ ಬಂತು. ಆ ಹೊತ್ತಿಗೆ ಪಟೇಲರು ಏನೋ ಕೋಪಕ್ಕೆ ಭಾವನ ಗದ್ದೆಗೆ ಬರುವ ನೀರು ನಿಲ್ಲಿಸಿದ್ದರು. ಪೈರು ಒಣಗುತ್ತಿತ್ತು. ಭಾವ ನನ್ನ ಕೈ ಹಿಡಿದುಕೊಂಡರು: "ಅವ್ರು ಎಂಗೇಳ್ತಾರೋ ಅಂಗೇ ಬರಿಯಪ್ಪ. ನನ್ ಗದ್ದೆ ನೀರು ನಿನ್ ಕುಂಚದ ತುದೀಲೈತೆ."

ಮೊದಲು ಇದ್ದ ಹಾಗೇ ಬರೆದೆ. ಪಟೇಲರು ನೋಡಿ ಉರಿದುಬಿದ್ದರು. "ಇದೇನ್ಲಾ, ಮೊಕದ ಮ್ಯಾಲೆ ರಾಗಿ ಚೆಲ್ಲಿದ್ದೀಯ?" ಸಿಡುಬಿನ ಕಲೆ ಅಳಿಸಿದೆ. "ಮೂಗ ಒಸಿ ಎತ್ತು." ಎತ್ತಿದೆ. "ಒಟ್ಟೆ ಇಳ್ಸು." ಇಳಿಸಿದೆ. ಯುದ್ಧದಿಂದ ಬಣ್ಣಕ್ಕೂ ಬರ. ಇದ್ದ ಬಿಳಿಯೆಲ್ಲ ಅವರ ಕೆನ್ನೆಗೇ ಮುಗಿಯಿತು. ಕೊನೆಗೆ, "ಕಣ್ಣು ಯಾಕೆ ಇಂಗೆ ಗುರಾಯಿಸ್ತವೆ? ಒಸಿ ಸಾಂತವಾಗಿರ್ಲಿ. ದಯೆ ಕಾಣ್ಬೇಕು" ಎಂದರು. ನಾನು ಅವರಲ್ಲಿ ಹುಡುಕಿ ಸೋತು, ನಮ್ಮಜ್ಜಿಯ ಕಣ್ಣು ನೆನೆಸಿಕೊಂಡು ಬರೆದೆ.

"ಈಗ ಸರೋಯ್ತು. ಈಗ ನನ್ನಂಗೇ ಐತೆ" ಎಂದರು. ಅವತ್ತೇ ಭಾವನ ಗದ್ದೆಗೆ ನೀರು ಬಂತು.

ಛತ್ರದ ದಿನ ಊರೆಲ್ಲ ಸೇರಿತು. ಅಮಲ್ದಾರರು ಪಟದ ಮೇಲಿನ ಬಟ್ಟೆ ಸರಿಸಿದರು. ಚಪ್ಪಾಳೆಯೋ ಚಪ್ಪಾಳೆ, ಯಾರ ಪಟ ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಪಟೇಲರ ತಾಯಿಯನ್ನು ಆರತಿ ಎತ್ತಲು ಕರೆತಂದರು. ವಯಸ್ಸಾದರೂ ಕಣ್ಣು ಚುರುಕಾಗಿದ್ದ ಮುದುಕಿ. ಪಟದ ಮುಂದೆ ನಿಂತು ಭಕ್ತಿಯಿಂದ ಕೈ ಮುಗಿದರು.

"ಯಾರ್ಲಾ ಮಗ ಈ ಪುಣ್ಯಾತ್ಮ?"

"ನಾನೇ ಕಣವ್ವ!" ಎಂದರು ಪಟೇಲರು, ಹಲ್ಲು ಕಚ್ಚಿ.

ಮುದುಕಿ ಪಟ ನೋಡಿದರು, ಮಗನನ್ನು ನೋಡಿದರು, ಮತ್ತೆ ಪಟ ನೋಡಿದರು. ಆಮೇಲೆ ಆರತಿ ತಟ್ಟೆ ಕೆಳಗಿಟ್ಟು ನಿಟ್ಟುಸಿರುಬಿಟ್ಟರು.

"ಇಂತೋನು ಹುಟ್ಲಿ ಅಂತ್ಲೇ ಕಣ್ಲಾ ನಾನು ಹರಕೆ ಹೊತ್ತಿದ್ದು. ಹುಟ್ಟಿದ್ದು ನೀನು."