ಹರಳೆಣ್ಣೆ ಕುಡಿದ ಸೈಕಲ್

ಹಳೆಯ ವಸ್ತುಗಳ ಮೇಲೆ ದಿಢೀರನೆ ಪ್ರೀತಿ ಉಕ್ಕಿಸಿಕೊಳ್ಳುವ ಜನರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಗುಂಡ್ಲುಪೇಟೆಯಿಂದ ಹಂಗಳ ದಾಟಿ ಬೆಟ್ಟದ ಏರಿನವರೆಗೆ ಹಳೇ ಸೈಕಲ್‌ಗಳ ಸವಾರಿ, ಮೂವತ್ತು ವರ್ಷ ತುಂಬಿದ ಸೈಕಲ್‌ಗೆ ಮಾತ್ರ ಪ್ರವೇಶ, ಸವಾರರ ಉಡುಪೂ ಹಳೇ ಕಾಲದ್ದೇ ಇರಬೇಕು ಎಂಬ ಸುದ್ದಿ ಮೊಬೈಲಿಗೆ ಬಂದಾಗ ನಕ್ಕುಬಿಟ್ಟೆ. ಸೈಕಲ್ಲನ್ನು ಕಾರಿನ ತಲೆಯ ಮೇಲೆ ಕೂರಿಸಿಕೊಂಡು ಬಂದು, ಬಾಡಿಗೆ ಪೇಟ ಸುತ್ತಿ, ನಾಲ್ಕು ಫೋಟೊ ಹೊಡೆಸಿಕೊಂಡು, ಮತ್ತೆ ಕಾರಿಗೇ ಹತ್ತಿಸಿಕೊಂಡು ಹೋಗುವ ಶೋಕಿಲಾಲರ ಸಂತೆ ಎಂದು ಚಾಮರಾಜನಗರದ ನಮ್ಮ ಕಚೇರಿಯಲ್ಲಿ ಎಲ್ಲರ ಮುಂದೆ ಆಡಿಕೊಂಡೆ. ಸಂಜೆ ಮನೆಗೆ ಹೊರಡುವ ಮುಂಚೆ ನನ್ನ ಹೆಸರನ್ನೂ ಕೊಟ್ಟೆ.

ಯಾಕೆಂದರೆ ನನ್ನಲ್ಲಿ ಅಸಲಿ ಮಾಲಿತ್ತು. ಕಾಲೇಜು ದಿನಗಳ ರೇಸ್ ಸೈಕಲ್ಲು. ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್, ಹಿಂದೆ ಐದು ಗೇರು. ಅದರಲ್ಲಿ ನಾನು ಎಂಥೆಂಥ ಏರು ಹತ್ತಿದ್ದೆನೆಂದು ಮದುವೆಯಾದಾಗಿನಿಂದ ನನ್ನ ಹೆಂಡತಿ ಭಾಗ್ಯ ಕೇಳುತ್ತಲೇ ಬಂದಿದ್ದಾಳೆ. ಅವಳು ಕಂಡಿರುವುದು ಮಾತ್ರ ಪಡಸಾಲೆಯ ಮೂಲೆಯಲ್ಲಿ ಒದ್ದೆ ಟವೆಲ್ ಹೊತ್ತು ನಿಂತ ಸೈಕಲ್ಲನ್ನು. ಅವಳು ನೇರವಾಗಿಯೇ ಹೇಳಿದಳು: "ಒಂದ್ಸಲನೂ ಇಳೀದೆ ಏರು ಹತ್ತುದ್ರೆ ಸೈಕಲ್ ಇಲ್ಲೇ ಇರ್ಲಿ. ಇಳುದ್ರೋ, ಗುಜರಿಗೆ. ಆ ಜಾಗ್ದಲ್ಲಿ ನನ್ ಹೊಲ್ಗೆ ಮಿಷನ್ ಮಡೀಕತೀನಿ." ನನ್ನ ಯೌವನಕ್ಕೆ ಉಳಿದಿದ್ದ ಏಕೈಕ ಸಾಕ್ಷಿ ಅದು. ಆಗಲಿ ಅಂದೆ.

ಸಿದ್ಧಮಾಡಿಸಲು ಉಡಿಗಾಲದ ಸೈಕಲ್ ಷಾಪಿನ ಮಾದಪ್ಪನವರ ಬಳಿ ಒಯ್ದೆ. ಅವರು ಚೈನು ಮುಟ್ಟಿದರು, ಬೆರಳು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

"ಇದೇನ್ ಸಾರ್, ಹಲಸಿನಂಟು ಆಗ್ಬುಟ್ಟದೆ? ಏನ್ ಎಣ್ಣೆ ಬುಟ್ರಿ?"

"ಹರಳೆಣ್ಣೆ. ಪ್ರತಿ ಆಯುಧಪೂಜೆಗೂ ಕೈಯಾರೆ ಬಿಡುತ್ತೇನೆ."

"ಅದು ಬಾಣಂತೀರ್ಗೆ ಕಣ್ಸಾರ್, ಸೈಕಲ್ಗಲ್ಲ!"

ನನಗೆ ಸಿಟ್ಟು ಬಂತು. ಓಡಿಸದಿದ್ದರೇನಂತೆ, ಒಂದು ವರ್ಷವೂ ಪೂಜೆ ತಪ್ಪಿಸಿದವನಲ್ಲ ನಾನು. ಕೊಳವೆ ಕೊಳವೆಗೂ ಮೂರೆಳೆ ವಿಭೂತಿ, ಚಕ್ರಕ್ಕೆ ಕುಂಕುಮ, ಎಲ್ಲದರ ಮೇಲೆ ಧಾರಾಳವಾಗಿ ಹರಳೆಣ್ಣೆ. ಅಷ್ಟು ವರ್ಷಗಳ ಭಕ್ತಿಯೆಲ್ಲ ಗೇರಿನೊಳಗೆ ಇಳಿದು ಗಾರೆಯಂತೆ ಕಚ್ಚಿಕೊಂಡಿತ್ತು. ಎರಡು ದಿನ ಡೀಸಲ್‌ನಲ್ಲಿ ನೆನೆಸಿದ ಮೇಲೆ ಚಕ್ರಗಳು ತಿರುಗಿದವು, ಗೇರು ಮಾತ್ರ ಅಲ್ಲಾಡಲಿಲ್ಲ. "ಸಣ್ಣ ಹಲ್ಚಕ್ರದ ಮ್ಯಾಲೇ ನಿಂತ್ಬುಟ್ಟದೆ. ಹಿಂಗೇ ಏರು ತುಳಿಯಕ್ಕಾಗಕಿಲ್ಲ. ಇನ್ನೆರಡ್ ದಿನ ನೆನೀಲಿ ಬುಡಿ," ಎಂದರು ಮಾದಪ್ಪ. ಗೇರು ಬದಲಿಸುವುದೆಲ್ಲ ಶೋಕಿಲಾಲರ ಚಾಳಿ ಎಂದು ಅವರಿಗೊಂದು ಉಪನ್ಯಾಸ ಕೊಟ್ಟು, ಸೈಕಲ್ಲಿಗೆ ಪಾಲಿಶ್ ಹಚ್ಚಿಸಿಕೊಂಡು ಬಂದೆ.

ಸವಾರಿಯ ದಿನ ನನ್ನ ಮದುವೆಯ ಕೋಟು ತೊಟ್ಟು ಹೊರಟೆ. ಹೊಟ್ಟೆಯ ಮೇಲೆ ಗುಂಡಿ ಕೂಡಲಿಲ್ಲ, ಗಾಳಿಗೆ ಒಳ್ಳೆಯದೆಂದು ಹಾಗೇ ಬಿಟ್ಟೆ. ಗುಂಡ್ಲುಪೇಟೆಯಲ್ಲಿ ಸವಾರರ ನಡುವೆ ಅಂಟುಮೀಸೆಯವನೊಬ್ಬನನ್ನು ನೋಡಿ ಮನಸಾರೆ ನಕ್ಕೆ. ಹಂಗಳ ದಾಟಿ ಏರು ಶುರುವಾದಾಗ ಅದೇ ಅಂಟುಮೀಸೆ ಸಣ್ಣಗೆ ಸಿಳ್ಳೆ ಹಾಕುತ್ತ ನನ್ನನ್ನು ಹಿಂದೆ ಹಾಕಿ ಹೋಯಿತು. ನಾನು ಎದ್ದು ನಿಂತು ತುಳಿದೆ. ಪೆಡಲು ನನ್ನ ಮಾತು ಕೇಳಲಿಲ್ಲ. ಮೊಣಕಾಲು ಏನೋ ಅಂದಿತು. ಸುತ್ತ ನೋಡಿದೆ, ಯಾರೂ ಇಲ್ಲ. ಇಳಿದೆ.

ಹಂಗಳ ನನ್ನ ಹೆಂಡತಿಯ ತವರು ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹಿಂದಿನ ತಿರುವಿನಿಂದ ಅವಳ ತಮ್ಮ ಶಿವರಾಜು ಪ್ರತ್ಯಕ್ಷನಾದ. ತುಕ್ಕು ಹಿಡಿದ ಸೈಕಲ್ಲು, ಎರಡು ಕಡೆ ಹಾಲಿನ ಕ್ಯಾನು, ಬಾಯಲ್ಲಿ ಹಾಡು.

"ಯಾಕ್ ಭಾವ, ಪಂಚರ್ರಾ?"

"ಹೂಂ ಕಣೋ," ಎಂದೆ.

ಪುಣ್ಯಾತ್ಮ ಸಹಾಯಕ್ಕೆಂದು ಇಳಿದು, ಎರಡೂ ಟೈರು ಒತ್ತಿ ನೋಡಿ, ನನ್ನ ಮುಖವನ್ನೂ ನೋಡಿ, ಫೋನು ತೆಗೆದ. "ಅಕ್ಕಾ, ಭಾವ ಇಳ್ದ್ಬುಟ್ರು ಕಣಕ್ಕಾ. ಟೈರ್ನಲ್ಲಿ ಗಾಳಿ ಸರ್ಯಾಗೇ ಅದೆ. ಭಾವುಂದೇ ಹೋಗಿರಾದು."

ನಾನು ಮನೆ ಸೇರುವ ಹೊತ್ತಿಗೆ ಮೂಲೆ ಗುಡಿಸಿ ರಂಗೋಲಿಯೂ ಬಿದ್ದಿತ್ತು. ಸೈಕಲ್ಲು ಗುಜರಿಗೆ ಹೋದ ದಿನ ಊಟ ಬೇಡವೆಂದೆ. ಹೊಲಿಗೆ ಮಿಷನ್ ಬಂದು ಕೂತಿತು. ಒಂದು ಸಂಜೆ ಅದು ಕಿರುಗುಟ್ಟಿದ್ದು ಕೇಳಿ, ಅಭ್ಯಾಸಬಲದಿಂದ ಹರಳೆಣ್ಣೆ ಬಾಟಲಿ ಹಿಡಿದು ಓಡಿದೆ.

"ಅಲ್ಲೇ ನಿಂತ್ಕಳಿ!" ಎಂದಳು ಭಾಗ್ಯ.

ನಿಂತೆ. ಬಾಟಲಿ ಕಿತ್ತುಕೊಂಡು, ಹೊಲಿದ ರವಿಕೆಗಳನ್ನು ಒಂದೊಂದಾಗಿ ನನ್ನ ತೋಳಿನ ಮೇಲೆ ನೇತುಹಾಕಿದಳು. ಈಗ ದಿನಾ ಸಂಜೆ ಸೈಕಲ್ ನಿಲ್ಲುತ್ತಿದ್ದ ಮೂಲೆಯಲ್ಲಿ, ಮಿಷನ್ನಿನ ಪಕ್ಕ, ರವಿಕೆ ಹೊತ್ತು ನಾನೇ ನಿಲ್ಲುತ್ತೇನೆ.